ಅಗಸಿ ಎಣ್ಣಿ ಒಣಗುವ ತನಕ

ಆ ಪುಟ್ಟ ಬಾಟಲಿಯ ಮುಚ್ಚಳ ತೆರೆದಾಗ ನನಗೆ ಮೊದಲು ನೆನಪಾದದ್ದು ಚಿತ್ರವಲ್ಲ, ರೊಟ್ಟಿ. ಖಡಕ್ ಜೋಳದ ರೊಟ್ಟಿಯ ಮೇಲೆ ಒಂದು ಚಮಚ ಹಿಂಡಿ, ಅದರ ಮೇಲೆ ಗಟ್ಟಿ ಮೊಸರು. ಅಗಸಿ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಸೇರಿಸಿ ಅವ್ವ ಒರಳಲ್ಲಿ ಕುಟ್ಟುವಾಗ ಮನೆಯೆಲ್ಲ ಹರಡುತ್ತಿದ್ದ ಆ ಜಿಡ್ಡು ವಾಸನೆ. ಬಾಟಲಿಯ ಮೇಲೆ ಇಂಗ್ಲಿಷಿನಲ್ಲಿ ‘ಲಿನ್ಸೀಡ್ ಆಯಿಲ್’ ಎಂದಿತ್ತು. ನನ್ನ ಮೂಗು ಅದನ್ನು ಅಗಸಿ ಎಣ್ಣಿ ಎಂದೇ ಓದಿತು.

ಅಂದು ಸಂಜೆ ಮನೆಗೆ ಬಂದಾಗ ಅವ್ವನೂ ಅದನ್ನೇ ಕೇಳಿದಳು.

‘ಏನಬೇ, ಕೈಯಾಗ ಅಗಸಿ ವಾಸನಿ ಬರಾಕತ್ತೈತಿ? ಯಾರ ಮನ್ಯಾಗ ಹಿಂಡಿ ಕುಟ್ಟಿ ಬಂದಿ?’

ಚಿತ್ರ ಬರೆಯುವುದನ್ನು ಕಲಿಯುತ್ತಿದ್ದೇನೆ, ಬಣ್ಣವನ್ನು ಈ ಎಣ್ಣೆಯಲ್ಲಿ ಕಲಸುತ್ತಾರೆ ಎಂದೆ. ಅವ್ವ ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, ‘ತಿನ್ನೂ ಎಣ್ಣಿ ಅರಿವಿಗೆ ಬಳಿತಾರಂತ’ ಎಂದು ಒಳಗೆ ಹೋದಳು.

ನಾನು ಧಾರವಾಡದ ಒಂದು ಡಿಗ್ರಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಎಣ್ಣೆಗಳ ಪಾಠವನ್ನು ಇಪ್ಪತ್ತು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಒಂದು ಎಣ್ಣೆ ಎಷ್ಟು ಅಯೋಡಿನ್ ಹೀರಿಕೊಳ್ಳುತ್ತದೆ ಎಂಬುದರ ಮೇಲೆ ಅದು ಒಣಗುವ ಎಣ್ಣೆಯೋ ಒಣಗದ ಎಣ್ಣೆಯೋ ಎಂದು ಹೇಳಬಹುದು. ಕೊಬ್ಬರಿ ಎಣ್ಣೆಯ ಅಯೋಡಿನ್ ವ್ಯಾಲ್ಯೂ ಹತ್ತರ ಆಸುಪಾಸು, ಅಗಸೆಯದು 170ಕ್ಕೂ ಮೇಲೆ. ಪ್ರತಿ ವರ್ಷ ಬೋರ್ಡಿನ ಮೇಲೆ ಈ ಎರಡು ಅಂಕಿ ಬರೆದು, ಅಡಿಗೆ ಗೆರೆ ಎಳೆದು ಮುಂದೆ ಹೋಗಿದ್ದೇನೆ. ಒಣಗುವ ಎಣ್ಣೆ ಎಂದರೆ ಏನು ಎಂದು ಕೈಯಿಂದ ಮುಟ್ಟಿ ನೋಡಿದ್ದು ನಲವತ್ತೇಳನೆಯ ವಯಸ್ಸಿನಲ್ಲಿ.

ಕಲಿಸಿದವರು ನಿವೃತ್ತ ಡ್ರಾಯಿಂಗ್ ಮಾಸ್ತರರು. ನಮ್ಮ ಓಣಿಯ ಕೊನೆಯ ಹೆಂಚಿನ ಮನೆ ಅವರದು. ಮುಂಬಯಿಯ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲಿ ಕಲಿತು ಬಂದವರ ಕೈಕೆಳಗೆ ಕಲಿತವರು. ರವಿವಾರ ಬೆಳಿಗ್ಗೆ ನಾಲ್ಕೈದು ಹುಡುಗರು ಅವರ ಪಡಸಾಲೆಯಲ್ಲಿ ಕೂತು ಬರೆಯುತ್ತಿದ್ದರು. ಅವರ ನಡುವೆ ಕನ್ನಡಕ ಏರಿಸಿಕೊಂಡು ನಾನೂ ಕೂತೆ. ಸರ್ ಮೊದಲ ದಿನವೇ ಹೇಳಿದ್ದರು:

‘ಮೇಡಂ, ಒಂದ ಕುತ್ತೀಲೆ ಚಿತ್ರ ಮುಗಿಸೋದನ್ನ ಕಲೀಬೇಕಂದ್ರ ಬ್ಯಾರೆದವರ ಕಡೆ ಹೋಗ್ರಿ. ನಾ ಕಲಸೂದು ಹಳೇ ಪದ್ಧತಿ. ಪದರಿನ ಮ್ಯಾಲೆ ಪದರು. ಎಣ್ಣಿ ನಿಮ್ಮ ಟೈಮ್‌ಟೇಬಲ್ ನೋಡಂಗಿಲ್ಲ.’

ಹಳೇ ಪದ್ಧತಿ ಎಂದರೆ ಹೀಗೆ. ಮೊದಲು ಬಿಳಿ ಕ್ಯಾನ್ವಾಸಿಗೆ ಟರ್ಪಂಟೈನ್‌ನಲ್ಲಿ ನೀರಾಗಿಸಿದ ಕಂದು ಬಣ್ಣವನ್ನು ಬಟ್ಟೆಯಿಂದ ಒರೆಸಿ ಬಿಳಿಯ ಕಣ್ಣು ಕುಕ್ಕುವಿಕೆಯನ್ನು ಕೊಲ್ಲಬೇಕು. ಅದರ ಮೇಲೆ ಅಂಬರ್ ಎಂಬ ಮಣ್ಣಿನ ಬಣ್ಣದಲ್ಲಿ ಚಿತ್ರದ ನೆರಳುಗಳನ್ನಷ್ಟೇ ಗುರುತಿಸಬೇಕು. ಅಂಬರ್‌ನಲ್ಲಿ ಮ್ಯಾಂಗನೀಸ್ ಇರುವುದರಿಂದ ಅದು ಬೇಗ ಒಣಗುತ್ತದೆ, ಹಾಗಾಗಿ ತಳಕ್ಕೆ ಒಳ್ಳೆಯದು. ಅದು ಒಣಗಿದ ಮೇಲೆ ಬರೀ ಕಪ್ಪು-ಬಿಳುಪಿನಲ್ಲಿ ಇಡೀ ಆಕಾರವನ್ನು ಕಟ್ಟಬೇಕು. ಬೆಳಕು ಎಲ್ಲಿಂದ ಬಿತ್ತು, ಎಲ್ಲಿ ತಿರುಗಿತು, ಎಲ್ಲಿ ಸತ್ತಿತು ಎಂಬುದೆಲ್ಲ ಈ ಬೂದು ಪದರಿನಲ್ಲೇ ತೀರ್ಮಾನವಾಗಬೇಕು. ಬಣ್ಣ ಬರುವುದು ಆಮೇಲೆ. ಅದೂ ದಪ್ಪ ಬಣ್ಣವಲ್ಲ. ಎಣ್ಣೆಯಲ್ಲಿ ತೆಳ್ಳಗೆ ಮಾಡಿದ ಪಾರದರ್ಶಕ ಬಣ್ಣ. ಅದಕ್ಕೆ ಗ್ಲೇಜ್ ಎನ್ನುತ್ತಾರೆ. ಬೆಳಕು ಈ ತೆಳು ಪದರಗಳನ್ನು ಹಾಯ್ದು ಕೆಳಗಿನ ಬಿಳುಪಿಗೆ ತಾಗಿ, ಮತ್ತೆ ಅದೇ ದಾರಿಯಲ್ಲಿ ಬಣ್ಣ ಹೊತ್ತುಕೊಂಡು ಹೊರಗೆ ಬರುತ್ತದೆ. ಅದಕ್ಕೇ ಹಳೆಯ ತೈಲಚಿತ್ರಗಳು ಒಳಗಿನಿಂದ ದೀಪ ಹಚ್ಚಿದಂತೆ ಕಾಣುವುದು.

ಇದರ ಮೇಲೊಂದು ಕಟ್ಟುನಿಟ್ಟಾದ ನಿಯಮ. ಕೆಳಗಿನ ಪದರಿಗಿಂತ ಮೇಲಿನ ಪದರಿನಲ್ಲಿ ಎಣ್ಣೆ ಹೆಚ್ಚಿರಬೇಕು. ಸರ್ ಇದನ್ನು ‘ಕೆಳಗ ಬಡವ, ಮ್ಯಾಲೆ ಸಾವಕಾರ’ ಎನ್ನುತ್ತಿದ್ದರು. ಎಣ್ಣೆ ಹೆಚ್ಚಿದ್ದಷ್ಟೂ ಪದರು ನಿಧಾನ ಒಣಗುತ್ತದೆ, ಹೆಚ್ಚು ಬಾಗುತ್ತದೆ. ಕೆಳಗಿನದು ಇನ್ನೂ ಅಲುಗಾಡುತ್ತಿರುವಾಗ ಮೇಲಿನದು ಒಣಗಿ ಬಿರುಸಾದರೆ ಚಿತ್ರ ಬಿರಿಯುತ್ತದೆ. ‘ಊರಾಗಿನ ಕಥಿನೂ ಹಂಗ ಅಲ್ರಿ?’ ಎಂದು ಒಬ್ಬ ಹುಡುಗ ಕೇಳಿದ. ಸರ್ ನಕ್ಕರು, ಉತ್ತರ ಹೇಳಲಿಲ್ಲ.

ಮೊದಲ ವರ್ಷ ನಾನು ಬರೆದದ್ದೆಲ್ಲ ಹಿತ್ತಾಳೆ ತಂಬಿಗೆ, ಬಾಳೆಹಣ್ಣು, ಬೆಳ್ಳುಳ್ಳಿ ಗಡ್ಡೆ. ತಂಬಿಗೆಯ ಬೂದು ಪದರು ಮುಟ್ಟಲು ಒಣಗಿದಂತಿತ್ತು. ನಾಲ್ಕನೆಯ ದಿನವೇ ಅದರ ಮೇಲೆ ಹಳದಿ ಗ್ಲೇಜ್ ಎಳೆದೆ. ಕೆಳಗಿನ ಬಿಳಿ ಎದ್ದುಬಂದು ಎಲ್ಲ ಸೇರಿ ಕೆಸರಾಯಿತು. ಸರ್ ಬೈಯಲಿಲ್ಲ. ‘ಉಗುರಿಲೆ ಒತ್ತಿ ನೋಡ್ರಿ. ಮ್ಯಾಲಿನ ತೊಗಲು ಒಣಗಿರತೈತಿ, ಒಳಗ ಹಸೇನ ಇರತೈತಿ. ಮನಶ್ಯಾನೂ ಹಂಗ’ ಎಂದರು. ಅವರ ಎಲ್ಲ ಪಾಠಗಳೂ ‘ಮನಶ್ಯಾನೂ ಹಂಗ’ ಎಂದೇ ಮುಗಿಯುತ್ತಿದ್ದವು. ಮೊದಮೊದಲು ನನಗೆ ಕಿರಿಕಿರಿಯಾಗುತ್ತಿತ್ತು.

ಆ ದಿನಗಳಲ್ಲೇ ಕಾಲೇಜಿನ ಪ್ರವಾಸಕ್ಕೆಂದು ಮೈಸೂರಿಗೆ ಹೋದಾಗ ಜಗನ್ಮೋಹನ ಅರಮನೆಯಲ್ಲಿ ಆ ದೀಪ ಹಿಡಿದ ಹೆಣ್ಣಿನ ಚಿತ್ರದ ಮುಂದೆ ತುಂಬ ಹೊತ್ತು ನಿಂತೆ. ಬೆರಳ ಸಂದಿಯಿಂದ ಸೋರುವ ಬೆಳಕು, ಗಲ್ಲದ ಮೇಲಿನ ಕೆಂಪು. ಎಷ್ಟು ಗ್ಲೇಜ್ ಹಾಕಿರಬಹುದು ಎಂದು ಲೆಕ್ಕ ಹಾಕುತ್ತ ಬಂದೆ. ಸರ್ ಹತ್ತಿರ ಹೇಳಿದರೆ ಅವರು ಹೊಟ್ಟೆ ಹಿಡಿದು ನಕ್ಕರು. ‘ಅದು ಎಣ್ಣೀದಲ್ರೀ ಮೇಡಂ, ನೀರ್ ಬಣ್ಣ! ಬರದಾವ್ರು ಹಳದಣಕರ. ರವಿವರ್ಮಂದು ಅಂತ ಅರ್ಧ ಊರು ತಿಳಕೊಂಡೈತಿ.’ ಎಸ್.ಎಲ್. ಹಳದಣಕರ 1940ರ ದಶಕದಲ್ಲಿ ತಮ್ಮ ಮಗಳನ್ನೇ ನಿಲ್ಲಿಸಿಕೊಂಡು ಬರೆದ ಜಲವರ್ಣ ಅದು. ಅಲ್ಲೂ ಬೆಳಕು ಬರುವುದು ಕೆಳಗಿನ ಕಾಗದದ ಬಿಳುಪಿನಿಂದಲೇ. ಆ ಮಾತಿನ ನಂತರ ನನ್ನ ತಲೆಯಲ್ಲಿ ಉಳಿದದ್ದು ಬೆಳಕಲ್ಲ, ಮಗಳನ್ನು ನಿಲ್ಲಿಸಿಕೊಂಡು ಬರೆದ ಅಪ್ಪ. ಅವ್ವನನ್ನು ಕೂರಿಸಿಕೊಂಡು ಬರೆಯಬೇಕು ಎಂದು ಅನಿಸಿದ್ದು ಆಗ.

ಇದು ಪೂರ್ತಿ ನಿಜವಲ್ಲ. ನಿಜವಾದ ಕಾರಣ ನಮ್ಮ ಮನೆಯ ಗೋಡೆಯ ಮೇಲಿತ್ತು.

ಅಪ್ಪ ತೀರಿಕೊಂಡಾಗ ಮನೆಯಲ್ಲಿ ಅವನದೊಂದು ಒಳ್ಳೆಯ ಫೋಟೋ ಇರಲಿಲ್ಲ. ಯಾರದೋ ಮದುವೆಯ ಗುಂಪಿನಲ್ಲಿ ಹೆಗಲ ತನಕ ಕಾಣುವ ಒಂದು ಸಣ್ಣ ಮುಖ ಸಿಕ್ಕಿತು. ಸ್ಟುಡಿಯೋದವರು ಅದನ್ನು ದೊಡ್ಡದು ಮಾಡಿ, ಮುಖದ ಗೆರೆಗಳನ್ನೆಲ್ಲ ನುಣ್ಣಗೆ ಒರೆಸಿ, ಕೆಳಗೆ ಕರಿ ಕೋಟು, ಕೆಂಪು ಟೈ ಹಾಕಿ, ಹಿಂದೆ ನೀಲಿ ಆಕಾಶ ಇಟ್ಟುಕೊಟ್ಟರು. ಜೀವನವಿಡೀ ಧೋತರ ಮತ್ತು ಮಾಸಿದ ನೆಹರು ಅಂಗಿಯಲ್ಲಿ ಹೊಲ ಮಾಡಿದವನು ನಮ್ಮಪ್ಪ. ಅವ್ವ ಅದಕ್ಕೆ ದಿನಾ ವಿಭೂತಿ ಹಚ್ಚಿ ಹೂ ಏರಿಸುತ್ತಾಳೆ. ಆದರೆ ಒಮ್ಮೆ ಮಾತ್ರ ಹೇಳಿದ್ದಳು: ‘ಇವ್ರು ಯಾರೋ ಸಾಹೇಬ್ರು. ನಿಮ್ಮಪ್ಪ ಅಲ್ಲ.’

ಅವ್ವನಿಗೆ ಎಪ್ಪತ್ತಾರು. ಅವಳಿಗೂ ಒಂದು ದಿನ ಯಾರೋ ಕೋಟಿನಂಥದ್ದೇ ಏನನ್ನಾದರೂ ತೊಡಿಸುತ್ತಾರೆ ಎಂಬ ಭಯ ನನ್ನನ್ನು ಹಿಡಿದಿತ್ತು. ಅಂದರೆ ಅವಳು ಎದುರಿಗೆ ಕೂತು ಅಕ್ಕಿ ಆರಿಸುತ್ತಿರುವಾಗಲೇ ನಾನು ಅವಳ ಗೋಡೆಯ ಫೋಟೋದ ತಯಾರಿ ನಡೆಸಿದ್ದೆ. ಇದನ್ನು ಅವಳಿಗೆ ಹೇಳಲಿಲ್ಲ. ‘ಕಲಿಯೋದಕ್ಕ ಒಂದು ಮಾರಿ ಬೇಕು, ಕುಂದರಬೇ’ ಎಂದೆ. ಅವ್ವ ಕೂತಳು.

ಸರ್ ಈ ಚಿತ್ರಕ್ಕೆಂದೇ ತಮ್ಮ ಟ್ರಂಕಿನಿಂದ ಒಂದು ತುಂಡು ಲಿನಿನ್ ಕ್ಯಾನ್ವಾಸ್ ತೆಗೆದುಕೊಟ್ಟರು. ನಾವು ಬಳಸುತ್ತಿದ್ದದ್ದು ಹತ್ತಿಯ ಅಗ್ಗದ ಕ್ಯಾನ್ವಾಸ್. ಲಿನಿನ್ ಎಂದರೆ ಅಗಸೆಯ ನಾರು. ಬೀಜದ ಎಣ್ಣೆ, ಕಾಂಡದ ಬಟ್ಟೆ, ಎರಡೂ ಒಂದೇ ಗಿಡದ್ದು. ಅವ್ವನಿಗೆ ಇದನ್ನು ಹೇಳಿದಾಗ ಅವಳು ಬಟ್ಟೆಯ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿ, ‘ನಮ್ಮ ಹೊಲದಾಗ ಜ್ವಾಳದ ನಡುವ ಅಕ್ಕಡಿ ಹಾಕತಿದ್ವಿ. ನೀಲಿ ಹೂವು ಬಿಡತಿತ್ತು. ಅರಿವಿ ಆಕ್ಕೈತಿ ಅಂತ ಯಾರಿಗ ಗೊತ್ತಿತ್ತು!’ ಎಂದಳು. ಅವಳಿಗೆ ಈ ಕೆಲಸದ ಬಗ್ಗೆ ಸ್ವಲ್ಪ ಗೌರವ ಬಂದದ್ದು ಅಂದೇ.

ಮೇ ತಿಂಗಳು. ಉತ್ತರದ ಕಿಟಕಿಯ ಪಕ್ಕ ಅವ್ವ ಮಣೆಯ ಮೇಲೆ ಕೂತು ಮೊರದಲ್ಲಿ ಏನಾದರೊಂದು ಆರಿಸುತ್ತಿದ್ದಳು. ಸುಮ್ಮನೆ ಕೂರುವುದು ಅವಳಿಗೆ ಬರುವುದಿಲ್ಲ. ಅಂಬರ್ ಪದರು ಎರಡು ದಿನಕ್ಕೆ ಒಣಗಿತು. ಆಮೇಲೆ ಮೂರು ವಾರ ಬೂದು ಪದರಿನ ಕೆಲಸ. ಹಣೆಯ ಎಲುಬು, ಕಣ್ಣಿನ ಕುಳಿ, ಹಲ್ಲು ಹೋದ ಬಾಯಿ ಒಳಗೆ ಸೇರಿದ ಬಗೆ. ಇಷ್ಟು ವರ್ಷ ದಿನವೂ ನೋಡಿದ ಮುಖವನ್ನು ನಾನು ನೋಡಿಯೇ ಇರಲಿಲ್ಲ ಎನ್ನುವುದು ಗೊತ್ತಾಗಲು ಆ ಮೂರು ವಾರ ಬೇಕಾಯಿತು.

ಜೂನ್ ಮೊದಲ ರವಿವಾರ ಅವ್ವ ಕಾಲು ಜೋಮು ಹಿಡಿಯಿತೆಂದು ಎದ್ದವಳು, ನನ್ನ ಹಿಂದೆ ಬಂದು ನಿಂತಳು. ಅಲ್ಲಿಯತನಕ ಅವಳಿಗೆ ತೋರಿಸಿರಲಿಲ್ಲ.

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ತಣ್ಣಗೆ ಕೇಳಿದಳು. ‘ನನ್ನ ಹೆಣ ಬರದೀ ಏನಬೇ?’

ನಾನು ಇದು ಬರೀ ಕೆಳಗಿನ ಪದರು, ಇದರ ಮೇಲೆ ಬಣ್ಣ ಬರುತ್ತದೆ, ಯುರೋಪಿನಲ್ಲಿ ದೊಡ್ಡ ದೊಡ್ಡವರು ಹೀಗೇ ಬರೆದಿದ್ದಾರೆ ಎಂದೆಲ್ಲ ತೊದಲಿದೆ. ಅವ್ವ ಕೇಳಿಸಿಕೊಳ್ಳಲಿಲ್ಲ. ಅವಳ ಕಣ್ಣು ಕ್ಯಾನ್ವಾಸಿನಿಂದ ಅಪ್ಪನ ಫೋಟೋಕ್ಕೆ ಹೋಗಿ, ಮತ್ತೆ ಕ್ಯಾನ್ವಾಸಿಗೆ ಬಂತು. ಅವಳಿಗೆ ಎಲ್ಲ ಗೊತ್ತಾಯಿತು ಎಂದು ನನಗೆ ಗೊತ್ತಾಯಿತು. ‘ಜೀವಂತ ಇದ್ದಾಗನ ಗ್ವಾಡಿಗೆ ಏರಿಸಾಕತ್ತಿ’ ಎಂದು ಮೊರ ಎತ್ತಿಕೊಂಡು ಒಳಗೆ ಹೋದಳು. ಮೂರನೆಯ ದಿನ, ಹೆಸರು ಬಿತ್ತನೆಗೆ ಕೈ ಬೇಕಂತೆ ಎಂಬ ನೆಪ ಹೇಳಿ ರೋಣದ ಕಡೆಯ ನಮ್ಮ ಊರಿಗೆ, ತಮ್ಮನ ಮನೆಗೆ ಬಸ್ಸು ಹತ್ತಿದಳು.

ಸರ್ ಹತ್ತಿರ ಹೋಗಿ ನಡೆದದ್ದನ್ನು ಹೇಳಿದೆ. ಅವರು ತಲೆಯಾಡಿಸಿದರು. ‘ನಿಮ್ಮ ತಾಯಾರು ತಪ್ಪೇನ ಹೇಳಿಲ್ಲ ಬಿಡ್ರಿ. ಡಚ್ಚರು ಆ ಪದರಿಗೆ ಹೆಸರು ಇಟ್ಟಿದ್ದ ಹಂಗ. ಸತ್ತ ಬಣ್ಣ ಅಂತ.’

ಮನೆಗೆ ಬಂದು ಹುಡುಕಿದೆ. ನಿಜ. ಡಚ್ ಭಾಷೆಯಲ್ಲಿ ಆ ಪದರಿನ ಹೆಸರು ‘ಡೋಡ್‌ಫರ್ಫ್’, ಪದಶಃ ಸತ್ತ ಬಣ್ಣ. ನಮ್ಮವ್ವ ಯಾವ ಪುಸ್ತಕವನ್ನೂ ಓದದೆ, ಯಾವ ಮ್ಯೂಸಿಯಮ್ಮನ್ನೂ ನೋಡದೆ ಅದಕ್ಕೆ ಸರಿಯಾದ ಹೆಸರನ್ನೇ ಕರೆದಿದ್ದಳು. ಇಟಲಿಯವರು ಇನ್ನೂ ಮುಂಚೆ, ಮೊಟ್ಟೆಯ ಹಳದಿಯಲ್ಲಿ ಬಣ್ಣ ಕಲಸುತ್ತಿದ್ದ ಕಾಲದಲ್ಲಿ, ಮುಖದ ಕೆಳಗೆ ಹಸಿರು ಮಣ್ಣಿನ ಬಣ್ಣ ಹಾಕುತ್ತಿದ್ದರು. ಮೇಲಿನ ಕೆಂಪು ಸವೆದುಹೋಗಿ, ಹದಿನಾಲ್ಕನೆಯ ಶತಮಾನದ ಎಷ್ಟೋ ದೇವಮಾತೆಯರ ಮುಖ ಇಂದು ಹಸಿರಾಗಿ ಕಾಣುತ್ತದೆ. ಕೆಳಗಿನ ಪದರು ಎಲ್ಲಿಗೂ ಹೋಗುವುದಿಲ್ಲ, ಕಾಯುತ್ತಿರುತ್ತದೆ.

ಆ ಮಳೆಗಾಲ ನಾನು ಓದಿದ್ದೇ ಓದಿದ್ದು. ತೈಲಚಿತ್ರವನ್ನು ಕಂಡುಹಿಡಿದವನು ಯಾನ್ ವಾನ್ ಐಕ್ ಎಂದು ವಸಾರಿ 1550ರಲ್ಲಿ ಬರೆದುಬಿಟ್ಟ. ಐಕ್‌ನ 1434ರ ಆರ್ನೊಲ್ಫಿನಿ ದಂಪತಿಗಳ ಚಿತ್ರ ನೋಡಿದರೆ ಯಾರಿಗಾದರೂ ಹಾಗೆನ್ನಿಸುತ್ತದೆ. ಆದರೆ ಅಫ್ಘಾನಿಸ್ತಾನದ ಬಾಮಿಯಾನ್ ಗುಹೆಗಳಲ್ಲಿ, ತಾಲಿಬಾನ್ ಸಿಡಿಸಿದ ಆ ಬುದ್ಧಮೂರ್ತಿಗಳ ಹಿಂದಿನ ಗೋಡೆಗಳಲ್ಲಿ, ಒಣಗುವ ಎಣ್ಣೆಯಲ್ಲಿ ಪದರ ಪದರವಾಗಿ ಬರೆದ ಏಳನೆಯ ಶತಮಾನದ ಚಿತ್ರಗಳಿವೆ ಎಂದು 2008ರಲ್ಲಿ ವಿಜ್ಞಾನಿಗಳು ತೋರಿಸಿದರು. ರವಿವರ್ಮನಿಗೆ ಎಣ್ಣೆಬಣ್ಣ ಕಲಿಸುವವರೇ ಸಿಗಲಿಲ್ಲ. 1868ರಲ್ಲಿ ತಿರುವನಂತಪುರದ ಅರಮನೆಗೆ ಬಂದ ಥಿಯೋಡರ್ ಜೆನ್ಸನ್ ಎಂಬ ಚಿತ್ರಕಾರ ತಾನು ಬರೆಯುವುದನ್ನು ನೋಡಲಷ್ಟೇ ಬಿಟ್ಟನಂತೆ. ಇದನ್ನೆಲ್ಲ ಯಾರಿಗೆ ಹೇಳಲಿ? ಮಣೆ ಖಾಲಿಯಿತ್ತು.

ಕ್ಯಾನ್ವಾಸನ್ನು ಗೋಡೆಗೆ ಮುಖ ಮಾಡಿ ತಿರುಗಿಸಿಟ್ಟಿದ್ದೆ. ಒಣಗಲಿ ಎಂದು ಸರ್‌ಗೆ ಹೇಳಿದೆ. ನೋಡಲು ಆಗುತ್ತಿರಲಿಲ್ಲ ಎನ್ನುವುದು ಸತ್ಯ.

ಒಣಗುವುದು ಎಂಬ ಮಾತೂ ಇಲ್ಲಿ ಅಷ್ಟು ಸರಿಯಲ್ಲ. ಬಟ್ಟೆ ಒಣಗುವುದೆಂದರೆ ನೀರು ಹಾರಿಹೋಗುವುದು. ಅಗಸೆ ಎಣ್ಣೆಯಿಂದ ಹಾಗೆ ಹಾರಿಹೋಗಲು ಏನೂ ಇಲ್ಲ. ಅದರಲ್ಲಿ ಅರ್ಧದಷ್ಟು ಇರುವುದು ಲಿನೋಲೆನಿಕ್ ಆಮ್ಲ. ಆ ಸರಪಳಿಯಲ್ಲಿ ಮೂರು ಜೋಡಿಬಂಧಗಳು. ಗಾಳಿಯ ಆಮ್ಲಜನಕ ಅಲ್ಲಿಗೆ ಬಂದು ಸೇರುತ್ತದೆ, ಒಂದು ಅಣು ಇನ್ನೊಂದರ ಕೈ ಹಿಡಿಯುತ್ತದೆ, ಹಿಡಿಯುತ್ತ ಹಿಡಿಯುತ್ತ ಇಡೀ ಪದರು ಒಂದೇ ಬಲೆಯಾಗುತ್ತದೆ. ಹಾಗೆ ಒಣಗುವಾಗ ಎಣ್ಣೆಯ ತೂಕ ಮೊದಮೊದಲು ಹೆಚ್ಚುತ್ತದೆ. ಈ ಕೆಲಸದಲ್ಲಿ ಶಾಖವೂ ಹುಟ್ಟುತ್ತದೆ. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಶಾಖ ಹೊರಹೋಗಲಾಗದೆ ತಾನಾಗಿಯೇ ಬೆಂಕಿ ಹತ್ತಿಕೊಳ್ಳಬಹುದು. ಅದಕ್ಕೇ ಸರ್ ಪಡಸಾಲೆಯ ತಂತಿಯ ಮೇಲೆ ಚಿಂದಿಗಳನ್ನು ಬಿಡಿಬಿಡಿಯಾಗಿ ಹರವುತ್ತಿದ್ದರು. ಮುದುಡಿ ಬಚ್ಚಿಟ್ಟದ್ದು ಸುಡುತ್ತದೆ, ಹರವಿದ್ದು ಒಣಗುತ್ತದೆ. ಇಲ್ಲಿ ಸರ್ ಇದ್ದಿದ್ದರೆ ಏನು ಹೇಳುತ್ತಿದ್ದರೆಂದು ನಿಮಗೆ ಗೊತ್ತು.

ಜುಲೈ ಕೊನೆಗೆ ಕ್ಯಾನ್ವಾಸ್ ತಿರುಗಿಸಿ ನೋಡಿದರೆ ಬಿಳುಪೆಲ್ಲ ಸ್ವಲ್ಪ ಹಳದಿಗೆ ತಿರುಗಿತ್ತು. ಗಾಬರಿಯಾಗಿ ಸರ್ ಮನೆಗೆ ಹೊತ್ತೊಯ್ದೆ. ‘ಕತ್ತಲದಾಗ ಇಟ್ರ ಅಗಸಿ ಎಣ್ಣಿ ಹಳದಿ ಆಕ್ಕೈತ್ರಿ. ಬೆಳಕಿಗೆ ತಂದ್ರ ಹೋಗತೈತಿ’ ಎಂದು ಕಿಟಕಿಗೆ ಎದುರಾಗಿ ಇಟ್ಟರು. ಸ್ವಲ್ಪ ಹೊತ್ತು ಬಿಟ್ಟು, ನನ್ನ ಕಡೆ ನೋಡದೆಯೇ, ‘ಪಂಚಮಿ ಬಂತು. ಊರಿಗೆ ಹೋಗಂಗಿಲ್ಲೇನ್ರಿ?’ ಎಂದರು.

ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ನಮ್ಮ ಕಡೆಯ ಪದ್ಧತಿ. ಅವ್ವ ಎಲ್ಲಿರುತ್ತಾಳೋ ಅದೇ ತವರು. ಹೋದೆ. ಅಡುಗೆಮನೆಯಲ್ಲಿ ಅವ್ವ ಶೇಂಗಾ ಉಂಡಿ ಕಟ್ಟುತ್ತಿದ್ದಳು. ನಾನೂ ಕೈ ತೊಳೆದು ಎದುರಿಗೆ ಕೂತೆ. ಹಿತ್ತಲಲ್ಲಿ ತಮ್ಮನ ಮಕ್ಕಳು ಜೋಕಾಲಿಗೆ ಜಗಳವಾಡುತ್ತಿದ್ದರು. ಹತ್ತು ಉಂಡಿ ಕಟ್ಟುವ ತನಕ ಸುಮ್ಮನಿದ್ದು, ಹೇಳಿಬಿಟ್ಟೆ. ಹೌದು, ಗೋಡೆಗೆಂದೇ ಬರೆದೆ. ಅಪ್ಪನಿಗೆ ಕೋಟು ಹಾಕಿದಂತೆ ನಿನಗೆ ಆಗಬಾರದು ಅಂತ ಬರೆದೆ. ನಿನಗೆ ಹೇಳದೆ ಬರೆದದ್ದು ತಪ್ಪು.

ಅವ್ವ ಕೈಯಲ್ಲಿದ್ದ ಉಂಡಿಯನ್ನು ಇನ್ನಷ್ಟು ಗಟ್ಟಿಯಾಗಿ ಒತ್ತಿದಳು.

‘ಸಾಯೂದು ನನಗ ಗೊತ್ತಿಲ್ಲೇನು? ಅದಕ ಬಂದಿಲ್ಲ ಸಿಟ್ಟು.’

‘ಮತ್ತ?’

‘ಅದರಾಗ ನನ್ನ ಸುಟ್ಟ ಕಲಿ ಎಲ್ಲೈತಿ?’

ನನಗೆ ಉಸಿರು ನಿಂತಂತಾಯಿತು.

ಅವ್ವನ ಎಡಗೆನ್ನೆಯ ಕೆಳಗೆ, ಕಿವಿಯಿಂದ ಕತ್ತಿನ ತನಕ ಒಂದು ಸುಟ್ಟ ಗುರುತಿದೆ. ಚರ್ಮ ಎಳೆದು ಗಂಟಾಗಿ, ಸುತ್ತಲಿಗಿಂತ ಸ್ವಲ್ಪ ಹೊಳೆಯುತ್ತದೆ. ನಾನು ನಾಲ್ಕು ವರ್ಷದವಳಿದ್ದಾಗ ಹಿಂದಿನಿಂದ ಓಡಿಬಂದು ಸೆರಗು ಜಗ್ಗಿದೆನಂತೆ. ಅವಳ ಕೈಯಲ್ಲಿ ಒಗ್ಗರಣೆಯ ಸೌಟು ಇತ್ತು. ಕೇಳಿದವರಿಗೆಲ್ಲ ಅವ್ವ ‘ನಂದ ಕೈ ಜಾರಿತ್ತು’ ಎಂದೇ ಹೇಳುತ್ತ ಬಂದಿದ್ದಳು. ನಿಜ ಏನೆಂದು ನನಗೆ ಗೊತ್ತಾದದ್ದು ಕಾಲೇಜು ಓದುವಾಗ, ಅತ್ತೆಯ ಬಾಯಿಂದ. ಆ ಮೇಲೂ ನಾವಿಬ್ಬರೂ ಆ ಮಾತು ಎತ್ತಿದವರಲ್ಲ.

ಬೂದು ಪದರಿನಲ್ಲಿ ದೊಡ್ಡ ಆಕಾರಗಳಷ್ಟೇ ಸಾಕು, ಸಣ್ಣವು ಆಮೇಲೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಆದರೆ ಅದೇ ಪದರಿನಲ್ಲಿ ಮೂಗುತಿಯ ನೆರಳನ್ನು ಕೂಡ ಬರೆದಿದ್ದೆನಲ್ಲ. ಕತ್ತನ್ನು ಮಾತ್ರ ನುಣ್ಣಗೆ ತೀಡಿ ಬಿಟ್ಟಿದ್ದೆ. ಸ್ಟುಡಿಯೋದವರು ಅಪ್ಪನಿಗೆ ಮಾಡಿದ್ದನ್ನೇ ನಾನು ಅವ್ವನಿಗೆ ಮಾಡಿದ್ದೆ. ಅವರಿಗಾದರೆ ಅಪ್ಪ ಯಾರೆಂದು ಗೊತ್ತಿರಲಿಲ್ಲ.

‘ಅದನ್ನ ಬಿಟ್ಟಿ ಅಂದ್ರ ಅದು ನಾ ಅಲ್ಲ’ ಎಂದಳು ಅವ್ವ. ‘ನಿನ್ನ ಸಂಬಂಧ ಬಿಟ್ಟಿ. ನನ್ನ ಸಂಬಂಧ ಅಲ್ಲ.’ ಆಮೇಲೆ ಕಟ್ಟಿದ ಉಂಡಿಯೊಂದನ್ನು ನನ್ನ ಕೈಗೆ ಕೊಟ್ಟು, ‘ತಿನ್ನು. ಬೆಲ್ಲ ಕಡಿಮಿ ಆಗೈತೇನ ನೋಡು’ ಎಂದಳು.

ಅವಳು ನನ್ನ ಜೊತೆಗೇ ಧಾರವಾಡಕ್ಕೆ ಬಂದಳು. ಆ ರವಿವಾರವೇ ಮಣೆಯ ಮೇಲೆ ಕೂತು, ಸೆರಗು ಸರಿಸಿ, ಎಡಗಡೆಯ ಕತ್ತನ್ನು ಬೆಳಕಿಗೆ ತಿರುಗಿಸಿದಳು.

ಆ ಗುರುತನ್ನು ಬರೆಯುವುದು ಹೇಗೆ ಎಂದು ಸರ್ ತೋರಿಸಿದರು. ಒಣಗಿದ ಬೂದು ಪದರಿನ ಮೇಲೆ ಬಿಳಿಯನ್ನು ಸ್ವಲ್ಪ ದಪ್ಪವಾಗಿ, ಚರ್ಮ ಎಳೆದ ದಿಕ್ಕಿನಲ್ಲೇ ಕುಂಚ ಎಳೆದು, ಉಬ್ಬು ತಗ್ಗು ಉಳಿಯುವಂತೆ ಇಡಬೇಕು. ಅದು ಪೂರ್ತಿ ಒಣಗಬೇಕು. ಆಮೇಲೆ ಹಾಕುವ ಗ್ಲೇಜ್ ಆ ತಗ್ಗುಗಳಲ್ಲಿ ತಾನಾಗಿ ನಿಲ್ಲುತ್ತದೆ, ಉಬ್ಬುಗಳ ಮೇಲೆ ತೆಳುವಾಗುತ್ತದೆ. ಬರೆದಂತೆ ಕಾಣುವುದಿಲ್ಲ, ಇದ್ದಂತೆ ಕಾಣುತ್ತದೆ. ಕೈ ನಡುಗುತ್ತಿತ್ತು. ಅವ್ವ ಅವರೆಕಾಯಿ ಸುಲಿಯುತ್ತ ಆ ದಿನದ ಕಥೆಯನ್ನು ಮೊದಲ ಸಲ ಹೇಳಿದಳು. ಅಪ್ಪ ಎತ್ತಿನ ಗಾಡಿ ಕಟ್ಟಿದ್ದು, ರಾತ್ರಿಯಿಡೀ ನಾನು ಅತ್ತಿದ್ದು, ಅವಳಿಗಿಂತ ಜೋರಾಗಿ ಅತ್ತದ್ದು. ‘ಸುಟ್ಟಿದ್ದು ನನಗ, ಅಳೋದು ನೀನು’ ಎಂದು ನಕ್ಕಳು.

ಹಳೆಯ ಚಿತ್ರಗಳಲ್ಲಿ ಪೆಂಟಿಮೆಂಟೊ ಎಂಬುದೊಂದಿದೆ. ಚಿತ್ರಕಾರ ಮೊದಲು ಬರೆದು, ಮನಸ್ಸು ಬದಲಿಸಿ, ಮೇಲೆ ಬಣ್ಣ ಹಚ್ಚಿ ಮುಚ್ಚಿದ ಕೈಯೋ ಟೊಪ್ಪಿಗೆಯೋ, ಶತಮಾನಗಳು ಕಳೆದಂತೆ ಮೇಲಿನ ಬಣ್ಣ ಪಾರದರ್ಶಕವಾಗಿ ಮೆಲ್ಲಗೆ ಹೊರಗೆ ಕಾಣತೊಡಗುವುದು. ಆ ಇಟಾಲಿಯನ್ ಪದದ ಅರ್ಥ ಪಶ್ಚಾತ್ತಾಪ. ಅವರು ಬರೆದು ಮುಚ್ಚಿ ಪಶ್ಚಾತ್ತಾಪಪಟ್ಟರು. ನಾನು ಬಿಟ್ಟದ್ದನ್ನು ಮತ್ತೆ ಬರೆಯಬೇಕಾಯಿತು.

ಇನ್ನು ಬಣ್ಣ. ಅಂಗಡಿಯಲ್ಲಿ ‘ಫ್ಲೆಶ್ ಟಿಂಟ್’ ಎಂಬ ಟ್ಯೂಬ್ ಸಿಗುತ್ತದೆ. ತೆರೆದರೆ ಗುಲಾಬಿ. ನಮ್ಮ ಹೊಲದಲ್ಲಿ ಐವತ್ತು ವರ್ಷ ದುಡಿದ ಹೆಂಗಸಿನ ಮೈ ಆ ಬಣ್ಣದ್ದಲ್ಲ. ಸರ್ ನಾಲ್ಕೇ ಬಣ್ಣ ಕೊಟ್ಟರು: ಹಳದಿ ಮಣ್ಣು, ಸುಟ್ಟ ಸಿಯೆನ್ನಾ, ಅಂಬರ್, ಚೂರು ನೀಲಿ. ಮೊದಲ ಮೂರೂ ಮಣ್ಣೇ. ಅವುಗಳ ಬಣ್ಣಕ್ಕೆ ಕಾರಣ ಕಬ್ಬಿಣ. ಸೆಪ್ಟೆಂಬರಿನಲ್ಲಿ ಮೊದಲ ಗ್ಲೇಜ್ ಎಳೆದಾಗ ಆ ಬೂದು ಮುಖದ ಮೇಲೆ ತೆಳುವಾಗಿ ಬಿಸಿ ಹರಡಿತು. ಅಷ್ಟೇ. ಇನ್ನೂ ಜ್ವರದಿಂದ ಎದ್ದವರ ಮುಖ. ಹತ್ತು ಹನ್ನೆರಡು ದಿನ ಬಿಟ್ಟು ಇನ್ನೊಂದು. ಮತ್ತೆ ಕಾಯುವುದು, ಮತ್ತೊಂದು. ಮುಖಕ್ಕೆ ಒಟ್ಟು ಏಳು ಬಿದ್ದವು. ನೆರಳುಗಳು ಆಳವಾದವು, ಆದರೆ ಕೊಳಕಾಗಲಿಲ್ಲ. ಸತ್ತ ಬಣ್ಣ ಕೆಳಗೆ ಹಾಗೇ ಇತ್ತು. ಅದು ಇದ್ದದ್ದರಿಂದಲೇ ಮೇಲಿನದಕ್ಕೆ ಜೀವ ಬರುತ್ತಿತ್ತು.

ಹಣೆಯ ವಿಭೂತಿಗೆ ಇನ್ನೊಂದು ಉಪಾಯ. ಕಂದು ಒಣಗಿದ ಮೇಲೆ, ಒಣ ಕುಂಚದಲ್ಲಿ ಇಲ್ಲದಷ್ಟು ಬಿಳಿ ತೆಗೆದುಕೊಂಡು ಮೂರು ಬೆರಳು ಎಳೆದಂತೆ ತಿಕ್ಕಬೇಕು. ಗಾಢ ಬಣ್ಣದ ಮೇಲೆ ತೆಳು ಬಿಳಿ ಕೂತರೆ ಅದು ಬಿಳಿಯಾಗಿ ಕಾಣದೆ ತುಸು ನೀಲಿಯಾಗಿ ಕಾಣುತ್ತದೆ, ದೂರದ ಹೊಗೆಯಂತೆ. ಅವ್ವನ ಇಳಕಲ್ ಸೀರೆಯ ನೀಲಿಗೆ ಅಲ್ಟ್ರಮರೀನ್. ಒಂದು ಕಾಲಕ್ಕೆ ಅದನ್ನು ಅಫ್ಘಾನಿಸ್ತಾನದ ಬದಖ್ಶಾನದ ಕಲ್ಲಿನಿಂದ ಅರೆದು ತೆಗೆಯುತ್ತಿದ್ದರು, ಬೆಲೆ ಬಂಗಾರದಷ್ಟು. 1820ರ ದಶಕದಲ್ಲಿ ಫ್ರಾನ್ಸಿನಲ್ಲಿ ಅದನ್ನು ಕುಲುಮೆಯಲ್ಲಿ ತಯಾರಿಸುವುದನ್ನು ಕಲಿತ ಮೇಲೆ ಅಗ್ಗವಾಯಿತು. ಎಷ್ಟು ಅಗ್ಗವೆಂದರೆ, ಅವ್ವ ಅಪ್ಪನ ಧೋತರಕ್ಕೆ ಹಾಕುತ್ತಿದ್ದ ನೀಲಿ ಪುಡಿಯೂ ಅದೇ.

ಕೊನೆಯ ಗ್ಲೇಜ್ ಹಾಕಿದ್ದು ಬನದ ಹುಣ್ಣಿಮೆಯ ವಾರ. ಸರ್ ಬಂದು ನೋಡಿದರು. ಮೂಗು, ಕಣ್ಣು, ವಿಭೂತಿ ಎಲ್ಲ ನೋಡಿ ಕತ್ತಿನ ಹತ್ತಿರ ನಿಂತರು. ‘ಇಷ್ಟು ಭಾಗ ಛಲೋ ಬಂದೈತಿ’ ಎಂದರು. ಉಳಿದದ್ದರ ಬಗ್ಗೆ ಏನೂ ಹೇಳಲಿಲ್ಲ. ನ್ಯಾಯವೇ. ಎಡಗಣ್ಣು ಸ್ವಲ್ಪ ಮೇಲಾಗಿದೆ, ಬೆರಳುಗಳು ಬದನೆಕಾಯಿಯಂತಾಗಿವೆ. ಅವ್ವನನ್ನು ಕೇಳಿದರೆ ‘ನನ್ನ ಮಾರಿ ನನಗೇನ ಗೊತ್ತು, ಕನ್ನಡಿ ನೋಡೂದ ಬಿಟ್ಟೀನಿ’ ಎಂದಳು. ಆದರೆ ಅಂಚಿನ ಹತ್ತಿರ ಬಾಗಿ, ತನ್ನ ಕತ್ತನ್ನೊಮ್ಮೆ ಮುಟ್ಟಿ, ಕ್ಯಾನ್ವಾಸಿನ ಕತ್ತನ್ನು ಮುಟ್ಟಲು ಬೆರಳು ಚಾಚಿದಳು. ‘ಹಸೇ ಐತಿ ಬೇ’ ಎಂದು ತಡೆದೆ.

ಚಿತ್ರ ಗೋಡೆಗೆ ಏರಿಲ್ಲ. ಕಿಟಕಿಯ ಪಕ್ಕ ಬೆಳಕು ಬೀಳುವಲ್ಲಿ ಕುರ್ಚಿಯ ಮೇಲೆ ಕೂತಿದೆ. ಮುಟ್ಟಲು ಒಣಗಿದರೂ ಒಳಗೆ ಪೂರ್ತಿ ಗಟ್ಟಿಯಾಗಲು ಆರು ತಿಂಗಳಿಂದ ವರ್ಷ ಬೇಕು. ಅದಕ್ಕೆ ಮೊದಲು ವಾರ್ನಿಶ್ ಹಚ್ಚುವಂತಿಲ್ಲ. ಈಗ ಅವ್ವನಿಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತು. ಬಂದ ನೆಂಟರಿಗೆ ‘ದೂರ ನಿಂದರ್ರಿ, ಅಗಸಿ ಎಣ್ಣಿ ಐತಿ, ಲಗೂ ಒಣಗೂದಿಲ್ಲ’ ಎಂದು ಹೇಳುತ್ತಾಳೆ.

ಮೊನ್ನೆ ರವಿವಾರ ರೊಟ್ಟಿ ಬಡಿಯುತ್ತ ಒಳಗಿನಿಂದಲೇ ಕೇಳಿದಳು.

‘ಒಣಗೇತೇನ?’

‘ಇಲ್ಲಬೇ. ದಸರಾ ತನಕ ಆಕ್ಕೈತಿ.’

‘ಹಂಗಾರ ಇನ್ನೂ ಟೈಮ್ ಐತಿ ಅನ್ನು’ ಎಂದಳು. ‘ಬಾ, ರೊಟ್ಟಿ ಆರತಾವ. ಹಿಂಡಿ ಹೊಸಾದು ಕುಟ್ಟೀನಿ.’